ರಾಶಿಯ ಧೂಳು ಮತ್ತು ಉಸಿರಾಟದ ತೊಂದರೆ

ಹಿಂಗಾರಿ ಜೋಳ, ಕಡಲೆ ಮತ್ತು ಕುಸುಬೆಯ ರಾಶಿ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ನಡೆಯುತ್ತದೆ. ಈ ದಿನಗಳಲ್ಲಿ ಕಣದಲ್ಲಿ ದುಡಿಯುವವರಿಗೆ ಸೀನು, ಮೂಗು ಸೋರುವುದು, ಕಣ್ಣುರಿ, ಕೆಮ್ಮು ಮತ್ತು ದಮ್ಮು ಕಾಣಿಸಿಕೊಳ್ಳುವುದುಂಟು. ಹವೆ ಬದಲಾಗಿದ್ದರಿಂದ ಹೀಗಾಯಿತೆಂದು ಅನೇಕರು ಸುಮ್ಮನಾಗುತ್ತಾರೆ. ಕಾರಣ ಬಹುಮಟ್ಟಿಗೆ ಕಣದಲ್ಲಿಯೇ ಇರುತ್ತದೆ.

ರಾಶಿಯ ಧೂಳೆಂದರೆ ಬರೀ ಮಣ್ಣಲ್ಲ. ಜೋಳದ ಹೊಟ್ಟಿನ ಸಣ್ಣ ರೋಮಗಳು, ಒಣ ಎಲೆಯ ಚೂರುಗಳು, ಕೀಟಗಳ ಅವಶೇಷಗಳು ಮತ್ತು ಬೂಷ್ಟಿನ ಬೀಜಕಣಗಳು ಅದರಲ್ಲಿ ಸೇರಿರುತ್ತವೆ. 10 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗು ಮತ್ತು ಗಂಟಲು ಬಹುಮಟ್ಟಿಗೆ ತಡೆಯುತ್ತವೆ. 1 ರಿಂದ 5 ಮೈಕ್ರಾನ್ ಗಾತ್ರದ ಬೀಜಕಣಗಳು ಮಾತ್ರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಾಳು ಬಲಿಯುವಾಗ ಮಳೆಗೆ ಸಿಕ್ಕಿ ಕಪ್ಪಾದ ತೆನೆಗಳಲ್ಲಿ ಇಂಥ ಬೀಜಕಣಗಳು ಹೆಚ್ಚು. ಅಂಥ ತೆನೆಗಳನ್ನು ಬೇರ್ಪಡಿಸಿ ಕೊನೆಗೆ ರಾಶಿ ಮಾಡುವುದು ಲೇಸು. ಒಳ್ಳೆಯ ಕಾಳಿನ ಬೆಲೆಯೂ ಉಳಿಯುತ್ತದೆ.

ಇಲ್ಲಿ ಎರಡು ಬಗೆಯ ಕಾಯಿಲೆಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಒಗ್ಗದಿಕೆ ಅಥವಾ ಅಸ್ತಮಾ ಇರುವವರಿಗೆ ಧೂಳು ತಗಲಿದ ಕೆಲವೇ ನಿಮಿಷಗಳಲ್ಲಿ ಸೀನು ಇಲ್ಲವೆ ದಮ್ಮು ಹತ್ತುತ್ತದೆ. ಎರಡನೆಯದು ಮೋಸಗೊಳಿಸುವಂಥದು. ಬೂಷ್ಟು ಹಿಡಿದ ಮೇವನ್ನು ಬೆಳಿಗ್ಗೆ ಕಿತ್ತವನಿಗೆ 4 ರಿಂದ 8 ಗಂಟೆಗಳ ನಂತರ, ಅಂದರೆ ಸಂಜೆಯ ವೇಳೆಗೆ, ಚಳಿ, ಜ್ವರ, ಒಣಕೆಮ್ಮು, ಮೈಕೈ ನೋವು ಬರುತ್ತವೆ. ಒಂದೆರಡು ದಿನಗಳಲ್ಲಿ ಇಳಿಯುವುದರಿಂದ ಇದನ್ನು ಮಲೇರಿಯಾ ಅಥವಾ ಫ್ಲೂ ಎಂದು ತಿಳಿಯುವುದು ಸುಲಭ. ಇದು ‘ರೈತರ ಶ್ವಾಸಕೋಶ’ ಎಂಬ ರೋಗ. ಮತ್ತೆ ಮತ್ತೆ ಅದೇ ಧೂಳು ಕುಡಿದರೆ ಶ್ವಾಸಕೋಶ ಗಡುಸಾಗುತ್ತದೆ. ಹಾಗೆ ಆದದ್ದು ಮೊದಲಿನಂತಾಗುವುದಿಲ್ಲ. ವೈದ್ಯರ ಬಳಿ ಹೋದಾಗ “ಜ್ವರ ಬಂದ ದಿನ ಹಳೆಯ ಮೇವು ಕಿತ್ತಿದ್ದೆ” ಎಂದು ತಾವಾಗಿಯೇ ಹೇಳಬೇಕು.

ಈ ರೋಗದ ಮೂಲ ಹಸಿಯಾಗಿ ಒಟ್ಟಿದ ಬಣವೆ. ಮೇವಿನ ತೇವಾಂಶ ಶೇ. 20ಕ್ಕಿಂತ ಹೆಚ್ಚಿದ್ದರೆ ಬಣವೆಯ ಒಳಗೆ ಕಾವು ಏರಿ, ಶಾಖಪ್ರಿಯ ಸೂಕ್ಷ್ಮಜೀವಿಗಳು 40 ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲುಸಾಗಿ ಬೆಳೆಯುತ್ತವೆ. ಕಣಿಕೆಯನ್ನು ಬಗ್ಗಿಸಿದಾಗ ಬಾಗದೆ ಮುರಿಯುವಷ್ಟು ಒಣಗಿಸಿ, ನೆಲಕ್ಕೆ ತಾಗದಂತೆ ಕಲ್ಲು ಅಥವಾ ಕಟ್ಟಿಗೆಯ ಮೇಲೆ ಒಟ್ಟಬೇಕು. ಒಟ್ಟಿದ ವಾರದೊಳಗೆ ಕಬ್ಬಿಣದ ಸಲಾಕೆಯೊಂದನ್ನು ಬಣವೆಯಲ್ಲಿ ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ನಂತರ ತೆಗೆದು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಬಣವೆ ಬಿಚ್ಚಿ ಮತ್ತೆ ಒಣಗಿಸುವುದು ಅಗತ್ಯ.

ರಾಶಿ ಯಂತ್ರವನ್ನು ನಿಲ್ಲಿಸುವಾಗ ಗಾಳಿಯ ದಿಕ್ಕು ನೋಡಬೇಕು. ಹೊಟ್ಟು ಗಾಳಿ ಹೋಗುವ ಕಡೆಗೆ ಬೀಳಬೇಕು. ಆಳುಗಳು ಗಾಳಿ ಬರುವ ಕಡೆಗಿರಬೇಕು. ಹೊಟ್ಟು ಎಳೆಯುವವರೇ ಅತಿ ಹೆಚ್ಚು ಧೂಳು ಕುಡಿಯುವವರು, ಬಹುವೇಳೆ ಆ ಕೆಲಸ ಮಹಿಳೆಯರ ಪಾಲಿಗೆ ಬರುತ್ತದೆ. ದಿನವಿಡೀ ಅವರನ್ನೇ ಅಲ್ಲಿ ನಿಲ್ಲಿಸದೆ ಸರದಿ ಹಚ್ಚುವುದು ನ್ಯಾಯ. ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಬೀಜಕಣಗಳಿಗೆ ಎನ್-95 ಮುಸುಕೇ ಬೇಕು, ಅದೂ ಮೂಗಿನ ಪಕ್ಕದಲ್ಲಿ ಸಂದಿಯಿಲ್ಲದಂತೆ ಕೂಡಬೇಕು. ಆಳುಗಳಿಗೆ ಇದನ್ನು ಕೊಡುವ ಖರ್ಚು ರಾಶಿಯ ಯಜಮಾನನದು. ಕೆಲಸ ಮುಗಿದ ಮೇಲೆ ಬೆಲ್ಲ ತಿನ್ನಲು ಅಡ್ಡಿಯಿಲ್ಲ, ಆದರೆ ಅದು ಮುಸುಕಿಗೆ ಬದಲಾಗಲಾರದು.

ಕಣದ ಸುತ್ತಲಿನ ಕಾಂಗ್ರೆಸ್ ಕಳೆಯನ್ನೂ ಮರೆಯಬಾರದು. ಇದರ ಪರಾಗ ಸೀನು-ದಮ್ಮಿಗೂ, ಒಣಗಿದ ಗಿಡದ ಪುಡಿ ಚರ್ಮದ ತುರಿಕೆಗೂ ಕಾರಣ. ಇದನ್ನು ತಿನ್ನುವ ಮೆಕ್ಸಿಕೋ ಮೂಲದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಮಳೆಗಾಲದಲ್ಲಿ ಚುರುಕು. ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ನಿದ್ರಿಸುತ್ತದೆ. ಆದುದರಿಂದ ಕಣ ಮಾಡುವ ಮೊದಲೇ, ಹೂ ಬಿಡುವುದಕ್ಕೆ ಮುಂಚೆ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಒಗ್ಗದಿಕೆ ಇದ್ದವರು ಈ ಕೆಲಸಕ್ಕೆ ಇಳಿಯಬಾರದು.

ಅಸ್ತಮಾ ಇರುವವರು ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ರಾಶಿಯ ದಿನಗಳಲ್ಲಿ ತಪ್ಪಿಸದೆ, ಕಣದಲ್ಲಿಯೂ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಅಂಗಡಿಯಿಂದ ತಾವೇ ಸ್ಟಿರಾಯ್ಡ್ ಮಾತ್ರೆ ತಂದು ನುಂಗುವುದು ಅಪಾಯಕರ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ಅಥವಾ ತುಟಿ ನೀಲಿಗಟ್ಟಿದರೆ ಮನೆಮದ್ದಿಗೆ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿರಿ. ವಾಹನ ಬರುವವರೆಗೆ ರೋಗಿಯನ್ನು ಧೂಳಿನಿಂದ ದೂರ ಒಯ್ದು, ಮಲಗಿಸದೆ ನೆಟ್ಟಗೆ ಕೂರಿಸಬೇಕು.