ದುಡಿಯುವ ಕೈಗಳ ವಕೀಲ: ಜಾರ್ಜ್ ಫರ್ನಾಂಡಿಸ್

ಶರಣರ ನೆಲವಾದ ಈ ಸೀಮೆಯಲ್ಲಿ ಕಾಯಕ, ದಾಸೋಹ ಎಂಬ ಎರಡು ಮಾತುಗಳು ಎಳೆಯ ಮಕ್ಕಳ ಬಾಯಲ್ಲಿಯೂ ಕೇಳಿಬರುತ್ತವೆ. ದುಡಿಯದೆ ಉಣ್ಣಬಾರದೆಂಬುದು ಕಾಯಕ ತತ್ವದ ಒಂದು ಮುಖ. ದುಡಿದವನು ಉಪವಾಸವಿರಬಾರದೆಂಬುದು ಅದರ ಮತ್ತೊಂದು ಮುಖ. ಮೊದಲನೆಯದನ್ನು ಬೋಧಿಸುವವರು ಬಹಳ. ಎರಡನೆಯದಕ್ಕಾಗಿ ತಮ್ಮ ಸುಖವನ್ನು ಬಿಟ್ಟು ನಿಂತವರು ವಿರಳ. ಅಂಥ ವಿರಳರಲ್ಲಿ ಕನ್ನಡ ನಾಡಿನ ಕರಾವಳಿಯಿಂದ ಹೊರಟ ಜಾರ್ಜ್ ಫರ್ನಾಂಡಿಸರು ಒಬ್ಬರು. ರಾಜಕಾರಣಿಯಾಗಿ ಅವರನ್ನು ಬಲ್ಲವರು ಅನೇಕರಿದ್ದಾರೆ. ಕಾರ್ಮಿಕರ ಪ್ರತಿನಿಧಿಯಾಗಿ ಅವರ ಬಾಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಮೊದಲ ಪಾಠ

ಜಾರ್ಜರು 1930ರ ಜೂನ್ 3ರಂದು ಮಂಗಳೂರಿನ ಕೊಂಕಣಿ ಭಾಷಿಕ ಕ್ರೈಸ್ತ ಕುಟುಂಬದಲ್ಲಿ ಹಿರಿಯ ಮಗನಾಗಿ ಜನಿಸಿದರು. ಮಗ ಪಾದ್ರಿಯಾಗಬೇಕೆಂಬುದು ಮನೆಯವರ ಹಂಬಲ. ಹದಿನಾರನೆಯ ವಯಸ್ಸಿನಲ್ಲಿ, 1946ರಲ್ಲಿ, ಬೆಂಗಳೂರಿನ ಧಾರ್ಮಿಕ ವಿದ್ಯಾಲಯವೊಂದಕ್ಕೆ ಅವರನ್ನು ಕಳುಹಿಸಲಾಯಿತು. ಅಲ್ಲಿ ಗುರುಗಳ ಮೇಜಿಗೆ ಒಂದು ಬಗೆಯ ಊಟ, ವಿದ್ಯಾರ್ಥಿಗಳ ಮೇಜಿಗೆ ಇನ್ನೊಂದು ಬಗೆಯ ಊಟ. ಬೋಧನೆಗೂ ಆಚರಣೆಗೂ ನಡುವೆ ಕಂಡ ಈ ಅಂತರ ತರುಣನ ಮನಸ್ಸನ್ನು ಕದಡಿತು. 1948ರಲ್ಲಿ ಅವರು ವಿದ್ಯಾಲಯವನ್ನು ತೊರೆದರು. ಪಂಕ್ತಿಭೇದವನ್ನು ಶರಣರು ಏಕೆ ಅಷ್ಟು ತೀವ್ರವಾಗಿ ನಿರಾಕರಿಸಿದರೆಂಬುದನ್ನು ತಿಳಿಯಬಯಸುವವರು ಈ ಪ್ರಸಂಗವನ್ನು ನೆನೆಯಬಹುದು. ಒಂದು ತಟ್ಟೆಯ ಭೇದವೂ ಎಳೆಯ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಮಂಗಳೂರಿಗೆ ಮರಳಿದ ಅವರು ಹೋಟೆಲು ಹಾಗೂ ಸಾರಿಗೆ ಕೆಲಸಗಾರರ ಸಂಘಟನೆಗೆ ಕೈಹಾಕಿದರು. 1949ರಲ್ಲಿ ಕೊಂಕಣಿಯಲ್ಲಿ ‘ಕೊಂಕಣಿ ಯುವಕ್’ ಮಾಸಿಕವನ್ನೂ ಕನ್ನಡದಲ್ಲಿ ‘ರೈತವಾಣಿ’ ವಾರಪತ್ರಿಕೆಯನ್ನೂ ಸಂಪಾದಿಸಿದರು.

ಸಂಘವೆಂದರೇನು?

ಒಬ್ಬ ಕೂಲಿಕಾರನು ಒಡೆಯನ ಮುಂದೆ ನಿಂತಾಗ ಅವನ ಮಾತಿಗೆ ತೂಕವಿಲ್ಲ. ಅವನು ಹೋದರೆ ಇನ್ನೊಬ್ಬನು ಬರುತ್ತಾನೆ. ನೂರು ಜನರು ಒಟ್ಟಾಗಿ ನಿಂತಾಗ ಮಾತಿಗೆ ತೂಕ ಬರುತ್ತದೆ. ಇದೇ ಕಾರ್ಮಿಕ ಸಂಘದ ತಿರುಳು. ಭಾರತದಲ್ಲಿ 1926ರ ಕಾರ್ಮಿಕ ಸಂಘಗಳ ಕಾಯ್ದೆಯು ಇದಕ್ಕೆ ಕಾನೂನಿನ ಆಸರೆ ನೀಡಿತು. ಏಳು ಜನ ಸದಸ್ಯರು ಸೇರಿ ಸಂಘವನ್ನು ನೋಂದಾಯಿಸಲು ಆಗ ಅವಕಾಶವಿತ್ತು. ಬೇಡಿಕೆಗಳನ್ನು ಬರೆದು ಸಲ್ಲಿಸುವುದು, ಮಾತುಕತೆ ನಡೆಸುವುದು, ಸರಕಾರದ ಮುಂದೆ ಅಹವಾಲು ಒಯ್ಯುವುದು ಸಂಘದ ನಿತ್ಯದ ಕೆಲಸ. ಮುಷ್ಕರವು ಕಡೆಯ ಅಸ್ತ್ರ.

ಮುಂಬಯಿಯ ವರ್ಷಗಳು

ಬರಿಗೈಯಲ್ಲಿ ಮುಂಬಯಿ ಸೇರಿದ ಜಾರ್ಜರು ಆರಂಭದಲ್ಲಿ ಚೌಪಾಟಿಯ ಬೆಂಚುಗಳ ಮೇಲೆ ರಾತ್ರಿ ಕಳೆದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ದೊರೆಯಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಬಳಿ ಸಂಘಟನೆಯ ಪಾಠ ಕಲಿತರು. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಆ ಹೊಣೆಯ ಬಹುಭಾಗ ಇವರ ಹೆಗಲೇರಿತು. 1961ರಿಂದ 1968ರವರೆಗೆ ಮುಂಬಯಿ ನಗರಸಭೆಯ ಸದಸ್ಯರಾಗಿದ್ದು ದುಡಿಯುವವರ ಪ್ರಶ್ನೆಗಳನ್ನು ಅಲ್ಲಿ ಎತ್ತಿದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಆರಿಸಿಬಂದರು.

ಈ ಕಾಲದ ಒಂದು ಕಾರ್ಯ ವಿಶೇಷ ಗಮನಕ್ಕೆ ಅರ್ಹವಾಗಿದೆ. ಟ್ಯಾಕ್ಸಿ ಚಾಲಕರಿಗೆ ಸಾಲ ಕೊಡಲು ಬ್ಯಾಂಕುಗಳು ಮುಂದೆ ಬರುತ್ತಿರಲಿಲ್ಲ. ಅವರ ಹೆಸರಿನಲ್ಲಿ ಆಸ್ತಿಯಿರಲಿಲ್ಲ, ಜಾಮೀನಿಗೆ ನಿಲ್ಲುವವರೂ ಇರಲಿಲ್ಲ. ಇದನ್ನು ಕಂಡ ಜಾರ್ಜರು 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕನ್ನು ಕಟ್ಟಲು ಮುಂದಾದರು. ಬಾಡಿಗೆ ಬಂಡಿ ಓಡಿಸುತ್ತಿದ್ದವರು ಸ್ವಂತ ಬಂಡಿಯ ಒಡೆಯರಾಗಲು ದಾರಿಯಾಯಿತು. ಬೇಡುವುದರ ಜೊತೆಗೆ ಕಟ್ಟುವುದೂ ಸಂಘದ ಧರ್ಮವೆಂಬುದು ಇದರಿಂದ ಸಿದ್ಧವಾಯಿತು. ಮುಂದೆ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯಲ್ಲಿ 2025ರಲ್ಲಿ ಹಣದ ದುರುಪಯೋಗ ಬೆಳಕಿಗೆ ಬಂದು, ಅದೇ ವರ್ಷ ಅದು ಸಾರಸ್ವತ ಸಹಕಾರಿ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆಯನ್ನು ಹುಟ್ಟುಹಾಕುವವರಷ್ಟೇ ಅದನ್ನು ಕಾಯುವವರೂ ಮುಖ್ಯರೆಂಬುದನ್ನು ಇದು ನೆನಪಿಸುತ್ತದೆ.

ಸೋತ ಮುಷ್ಕರ, ಗೆದ್ದ ಬೇಡಿಕೆ

1974ರಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಶನ್ನಿನ ಅಧ್ಯಕ್ಷರಾಗಿ ಅವರು ಬೋನಸ್, ಎಂಟು ಗಂಟೆಗಳ ದುಡಿಮೆ ಮೊದಲಾದ ಬೇಡಿಕೆಗಳನ್ನು ಸರಕಾರದ ಮುಂದಿಟ್ಟರು. ಮಾತುಕತೆ ಮುರಿದುಬಿತ್ತು, ಮೇ 2ರಂದೇ ಅವರ ಬಂಧನವಾಯಿತು. ಮೇ 8ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು 17 ಲಕ್ಷ ನೌಕರರು ಪಾಲ್ಗೊಂಡರೆಂದು ಹೇಳಲಾಗುತ್ತದೆ. ಸಾವಿರಾರು ಜನ ಸೆರೆಮನೆ ಸೇರಿದರು, ಕೆಲಸ ಕಳೆದುಕೊಂಡರು. ಮೇ 27ರಂದು ಬೇಡಿಕೆ ಈಡೇರದೆಯೇ ಮುಷ್ಕರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಜನಜೀವನಕ್ಕೆ ತೊಂದರೆಯಾಯಿತೆಂಬ ಟೀಕೆಯೂ ಬಂದಿತು. ಆದರೆ 1977ರ ನಂತರ ವಜಾಗೊಂಡವರು ಕೆಲಸಕ್ಕೆ ಮರಳಿದರು. 1979ರಲ್ಲಿ ರೈಲ್ವೆ ನೌಕರರಿಗೆ ಬೋನಸ್ ದೊರೆಯಿತು. ನ್ಯಾಯವಾದ ಬೇಡಿಕೆಯು ಸೋಲಿನ ದಿನದಂದೇ ಸಾಯುವುದಿಲ್ಲ.

ತುರ್ತು ಪರಿಸ್ಥಿತಿಯಲ್ಲಿ ಭೂಗತರಾಗಿದ್ದ ಅವರು 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಬಂಧಿತರಾದರು. ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪ ಹೊತ್ತು ಸೆರೆಯಲ್ಲಿದ್ದಾಗಲೇ 1977ರಲ್ಲಿ ಮುಜಫರ್‌ಪುರದಿಂದ ಚುನಾಯಿತರಾದರು. ಬಳಿಕ ಆ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಾಯಿತು. ಅವರು ರೈಲ್ವೆ ಮಂತ್ರಿಯಾಗಿದ್ದ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಸುಮಾರು 740 ಕಿಲೋಮೀಟರು ಉದ್ದದ ಆ ಮಾರ್ಗ 1998ರಲ್ಲಿ ಪೂರ್ಣವಾಗಿ ತೆರೆಯಿತು. ಕೆಲಸ ಅರಸಿ ಮುಂಬಯಿಗೆ ಹೋದ ಕರಾವಳಿಯ ಬಡವರಿಗೆ ಊರು ಹತ್ತಿರವಾಯಿತು. ಅವರ ನಂತರದ ರಾಜಕೀಯ ನಡೆಗಳ ಬಗೆಗೆ ತೀವ್ರ ಅಭಿಪ್ರಾಯಭೇದಗಳಿವೆ; ಅವುಗಳನ್ನು ಮರೆಮಾಚುವ ಕಾರಣವಿಲ್ಲ. ಅವರು 2019ರ ಜನವರಿ 29ರಂದು ನಿಧನರಾದರು. 2020ರಲ್ಲಿ ಮರಣೋತ್ತರ ಪದ್ಮವಿಭೂಷಣ ಘೋಷಣೆಯಾಯಿತು.

ಉಪಸಂಹಾರ

ಇಳಕಲ್ಲಿನ ಮಗ್ಗದ ಮುಂದೆ, ಅಲ್ಲಿಯ ಕಲ್ಲಿನ ಗಣಿಗಳಲ್ಲಿ, ಬಾದಾಮಿಯ ಹೊಲಗಳಲ್ಲಿ ದುಡಿಯುವವರ ಮಕ್ಕಳು ಈ ಭಾಗದ ಶಾಲೆಗಳಲ್ಲಿ ಅಕ್ಷರ ಕಲಿಯುತ್ತಾರೆ. ಕಲಿತ ಮೇಲೆ ಅವರು ಅರ್ಜಿ ಬರೆಯಬಲ್ಲರು, ಲೆಕ್ಕ ನೋಡಬಲ್ಲರು, ಕಾನೂನು ಓದಬಲ್ಲರು. ಆ ವಿದ್ಯೆಯನ್ನು ತಂದೆತಾಯಿಗಳ ಓಣಿಗೆ ಮರಳಿ ಒಯ್ದು, ಮಾತು ಬಾರದವರ ಪರವಾಗಿ ಒಂದು ಅರ್ಜಿಯನ್ನಾದರೂ ಬರೆದುಕೊಟ್ಟರೆ ಅದೇ ಅಕ್ಷರ ದಾಸೋಹ. ಶಿಕ್ಷಕರು ಅದನ್ನು ಕಲಿಸಲಿ. ಹಳೆಯ ವಿದ್ಯಾರ್ಥಿಗಳು ಅದನ್ನು ಆಚರಿಸಲಿ. ದಾನಿಗಳು ಅಂಥವರ ಬೆನ್ನಿಗೆ ನಿಲ್ಲಲಿ.