ಹಾರ್ಮೋನುಗಳ ಕಿರುಚೀಲವನ್ನು ಕಟ್ಟುವ ಪ್ರೋಟೀನುಗಳು

ನಾವು ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿಯೇ ನಮ್ಮ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯತೊಡಗುತ್ತದೆ. ಇನ್ಸುಲಿನ್ ಒಂದು ಪ್ರೋಟೀನು. ಅದನ್ನು ಹೊಸದಾಗಿ ತಯಾರಿಸಿ, ಹದಗೊಳಿಸಿ ಹೊರಗೆ ಕಳುಹಿಸುವುದಕ್ಕೆ ಜೀವಕೋಶಕ್ಕೆ ಗಂಟೆಗಳೇ ಬೇಕು. ಆದುದರಿಂದ ಅದು ಮೊದಲೇ ತಯಾರಾಗಿ ಎಲ್ಲಿಯೋ ಕಾದಿರಲೇಬೇಕು. ಎಲ್ಲಿ?

ಇನ್ಸುಲಿನ್ ತಯಾರಿಸುವ ಬೀಟಾ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉತ್ತರ ಕಣ್ಣಿಗೇ ಬೀಳುತ್ತದೆ. ಒಂದೊಂದು ಕೋಶದಲ್ಲಿಯೂ ಸುಮಾರು 10,000 ಕಿರುಚೀಲಗಳಿವೆ. ಪ್ರತಿಯೊಂದರ ವ್ಯಾಸ ಸುಮಾರು 300 ನ್ಯಾನೊಮೀಟರ್. ಮೂರು ಸಾವಿರ ಚೀಲಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿದರೆ ಹೆಚ್ಚು ಕಡಮೆ ಒಂದು ಮಿಲಿಮೀಟರ್ ಆದೀತು. ತೆಳುವಾದ ಕೊಬ್ಬಿನ ಪೊರೆಯ ಒಳಗೆ ಇನ್ಸುಲಿನ್ ಕಪ್ಪಗೆ, ಒತ್ತಾಗಿ ತುಂಬಿರುತ್ತದೆ. ನರಕೋಶಗಳಲ್ಲಿಯೂ ಇಂಥ ಚೀಲಗಳುಂಟು. ಮೆದುಳಿನ ಹೈಪೊಥಾಲಮಸ್ ಭಾಗದ ಕೆಲವು ನರಕೋಶಗಳು ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನುಗಳನ್ನು ಹೀಗೆಯೇ ಚೀಲಗಳಲ್ಲಿ ಕಟ್ಟಿ, ನರತಂತುವಿನ ಉದ್ದಕ್ಕೂ ಸಾಗಿಸಿ, ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ರಕ್ತಕ್ಕೆ ಬಿಡುತ್ತವೆ.

ಅಂಗಡಿಯವನು ಮೊದಲು ಚೀಲವನ್ನು ತಂದು ಅನಂತರ ಅದಕ್ಕೆ ಧಾನ್ಯವನ್ನು ತುಂಬುತ್ತಾನೆ. ಜೀವಕೋಶದ ಕ್ರಮ ಬೇರೆ. ಇಲ್ಲಿ ಖಾಲಿ ಚೀಲಗಳ ರಾಶಿಯಿಲ್ಲ. ಚೀಲವನ್ನು ಕಟ್ಟುವ ಕೆಲಸದಲ್ಲಿ ಒಳಗಿನ ಸರಕೂ ಕೈಹಾಕುತ್ತದೆ. ಇದು ಹೇಗೆಂಬುದನ್ನು ಈಗ ವಿಚಾರಿಸೋಣ.

ಸರಕಿನ ಹಾದಿ

1960ರ ದಶಕದಲ್ಲಿ ಜಾರ್ಜ್ ಪಲಾಡೆ ಮತ್ತು ಅವರ ಸಹೋದ್ಯೋಗಿಗಳು ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ಜೀರ್ಣರಸ ಸುರಿಸುವ ಕೋಶಗಳಿಗೆ ವಿಕಿರಣಶೀಲ ಅಮೈನೊ ಆಮ್ಲವನ್ನು ಒದಗಿಸಿ, ಅದರಿಂದಾದ ಪ್ರೋಟೀನು ಎಲ್ಲೆಲ್ಲಿಗೆ ಹೋಗುವುದೆಂದು ಹಿಂಬಾಲಿಸಿದರು. ಮೊದಲ ಕೆಲವು ನಿಮಿಷ ಅದು ಒಳಜಾಲ ಎಂಬ ಪೊರೆಗಳ ಬಲೆಯಲ್ಲಿತ್ತು. ಬಳಿಕ ಗಾಲ್ಜಿ ಕಾಯಕ್ಕೆ ಬಂದಿತು. ಸುಮಾರು ಎರಡು ಗಂಟೆಗಳ ಮೇಲೆ ಕಿರುಚೀಲಗಳಲ್ಲಿ ಕಂಡಿತು. ಹಾರ್ಮೋನುಗಳದೂ ಇದೇ ಹಾದಿ. ಜೀವಕೋಶದ ಒಳರಚನೆಯನ್ನು ಕುರಿತ ಸಂಶೋಧನೆಗಳಿಗಾಗಿ 1974ರ ನೊಬೆಲ್ ಪಾರಿತೋಷಕದಲ್ಲಿ ಪಲಾಡೆಯವರಿಗೂ ಪಾಲು ದೊರೆಯಿತು.

ಗಾಲ್ಜಿ ಕಾಯದ ಕೊನೆಯ ಅಂಚಿನಲ್ಲಿ ಒಂದು ತೊಡಕಿದೆ. ಅಲ್ಲಿಗೆ ನೂರಾರು ಬಗೆಯ ಪ್ರೋಟೀನುಗಳು ಬೆರೆತು ಬರುತ್ತವೆ. ಕೆಲವು ತತ್‌ಕ್ಷಣ ಹೊರಗೆ ಹೋಗಬೇಕಾದವು, ಕೆಲವು ಕೋಶದೊಳಗೇ ಬೇರೆಡೆಗೆ ಸೇರಬೇಕಾದವು. ಹಾರ್ಮೋನುಗಳಾದರೋ ಕಾದಿರಬೇಕಾದವು. ಇವು ಬೇರ್ಪಡುವುದು ಹೇಗೆ?

ಹಾಲು ಒಡೆದಂತೆ

ಹಾಲಿಗೆ ನಿಂಬೆಯ ರಸವನ್ನು ಹಿಂಡಿದರೆ ಅದು ಒಡೆಯುವುದನ್ನು ನಾವೆಲ್ಲರೂ ಬಲ್ಲೆವು. ಆಮ್ಲ ಬಿದ್ದೊಡನೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಗಡ್ಡೆಕಟ್ಟುತ್ತದೆ. ಉಳಿದ ಪ್ರೋಟೀನುಗಳು ನೀರಿನಲ್ಲಿಯೇ ಉಳಿಯುತ್ತವೆ. ಗಾಲ್ಜಿ ಕಾಯದಲ್ಲಿಯೂ ಇಂಥದೇ ಒಂದು ಘಟನೆ ನಡೆಯುತ್ತದೆ. ಕೋಶರಸದ ಪಿಎಚ್ ಸುಮಾರು 7.2 ಇದ್ದರೆ, ಗಾಲ್ಜಿಯ ಕೊನೆಯ ಅಂಚಿನ ಒಳಗೆ ಅದು 6ರ ಸುಮಾರಿನಲ್ಲಿದೆ. ಕ್ಯಾಲ್ಸಿಯಂ ಕೂಡ ಅಲ್ಲಿ ಹೆಚ್ಚು. ಈ ಸ್ಥಿತಿಯಲ್ಲಿ ಗ್ರಾನಿನ್ ಎಂಬ ಕುಟುಂಬದ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ಹಾರ್ಮೋನುಗಳನ್ನೂ ತಮ್ಮೊಡನೆ ಸೇರಿಸಿಕೊಳ್ಳುತ್ತವೆ. ಇವುಗಳಲ್ಲಿ ಮೊದಲು ಪರಿಚಿತವಾದದ್ದು ಅಡ್ರಿನಲ್ ಗ್ರಂಥಿಯ ಕ್ರೋಮೊಗ್ರಾನಿನ್. ಗಡ್ಡೆಯಾಗದ ಪ್ರೋಟೀನುಗಳು ಬಹುಮಟ್ಟಿಗೆ ಬೇರೆ ದಾರಿ ಹಿಡಿಯುತ್ತವೆ.

ಪೊರೆಯನ್ನು ಬಗ್ಗಿಸುವ ಬೆಲೆ

ಭೌತಶಾಸ್ತ್ರದ ಅಧ್ಯಾಪಕರಿಗೆ ಜೀವಕೋಶದಲ್ಲೇನು ಕೆಲಸವೆಂದು ವಿದ್ಯಾರ್ಥಿಗಳು ಕೇಳಬಹುದು. ಕೆಲಸ ಇಲ್ಲಿಯೇ ಇದೆ. ಗಡ್ಡೆಯನ್ನು ಸುತ್ತುವರಿಯಬೇಕಾದರೆ ಚಪ್ಪಟೆಯಾದ ಪೊರೆ ಗೋಳವಾಗಿ ಬಗ್ಗಬೇಕು. ಬಗ್ಗಿಸುವುದಕ್ಕೆ ಶಕ್ತಿ ಬೇಕು. ಅಣುಗಳ ಉಷ್ಣಚಲನೆಯ ಶಕ್ತಿಯನ್ನು, ಎಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ಉಷ್ಣತೆಗಳ ಗುಣಲಬ್ಧವನ್ನು, ಒಂದು ಮೂಲಮಾನವೆಂದು ಇಟ್ಟುಕೊಂಡರೆ, ಇಂಥ ಪೊರೆಯ ಬಿಗಿತ ಸುಮಾರು 20 ಮೂಲಮಾನ. ಗೋಳಕ್ಕೆ ಇದನ್ನು 8π ಯಿಂದ ಗುಣಿಸಬೇಕು. ಲಬ್ಧ ಸುಮಾರು 500. ಸೋಜಿಗವೆಂದರೆ ಈ ಲೆಕ್ಕದಲ್ಲಿ ತ್ರಿಜ್ಯವೇ ಬರುವುದಿಲ್ಲ: ಚೀಲ ಚಿಕ್ಕದಿರಲಿ, ದೊಡ್ಡದಿರಲಿ, ಬೆಲೆ ಒಂದೇ. ಉಷ್ಣಚಲನೆಯ ಕುಲುಕಾಟದಿಂದ ಇಷ್ಟು ಶಕ್ತಿ ಒಮ್ಮೆಗೇ ಒದಗುವ ಸಂಭವ ಇಲ್ಲವೆನ್ನುವಷ್ಟು ಕಡಮೆ. ಚೀಲ ತಾನಾಗಿ ಆಗದು. ಯಾರಾದರೂ ಬೆಲೆ ತೆರಬೇಕು.

ಈ ಬೆಲೆಯನ್ನು ಪ್ರೋಟೀನುಗಳು ಹಂಚಿಕೊಂಡು ತೆರುತ್ತವೆ. ಒಳಗಿನ ಗಡ್ಡೆ ಕೊಲೆಸ್ಟರಾಲ್ ಹೆಚ್ಚಾಗಿರುವ ಪೊರೆಯ ಭಾಗಕ್ಕೆ ಅಂಟಿಕೊಳ್ಳುತ್ತದೆ. ಒಂದೊಂದು ಅಂಟೂ ದುರ್ಬಲ, ಆದರೆ ಅವುಗಳ ಸಂಖ್ಯೆ ಅಪಾರ. ಹೊರಗಡೆಯಿಂದ ಬಿದಿಗೆಯ ಚಂದ್ರನಂತೆ ಬಾಗಿದ ಪ್ರೋಟೀನುಗಳು ಪೊರೆಯ ಮೇಲೆ ಕುಳಿತು ಆ ಬಾಗನ್ನು ಎತ್ತಿಹಿಡಿಯುತ್ತವೆ. ಪಿಕ್-1 ಮತ್ತು ಐಸಿಎ-69 ಎಂಬುವು ಈ ಬಗೆಯವು. 2013ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಪಿಕ್-1 ಇಲ್ಲದ ಇಲಿಗಳ ಇನ್ಸುಲಿನ್ ದಾಸ್ತಾನು ತಗ್ಗಿ, ರಕ್ತದ ಸಕ್ಕರೆಯ ಹತೋಟಿ ಕೆಟ್ಟಿತು.

ಚೀಲ ಮಾಗುವುದು

ಆಗತಾನೆ ಬೇರ್ಪಟ್ಟ ಚೀಲ ಇನ್ನೂ ಕಾಯಿ, ಅದು ಹಣ್ಣಾಗಬೇಕು. ಪೊರೆಯಲ್ಲಿರುವ ಒಂದು ಪ್ರೋಟೀನು ಯಂತ್ರ ಹೈಡ್ರೊಜನ್ ಅಯಾನುಗಳನ್ನು ಒಳಕ್ಕೆ ತಳ್ಳಿ ಆಮ್ಲತೆಯನ್ನು ಹೆಚ್ಚಿಸುತ್ತದೆ. ತಪ್ಪಿ ಒಳಬಂದ ಸರಕನ್ನು ಕ್ಲ್ಯಾಥ್ರಿನ್ ಎಂಬ ಪ್ರೋಟೀನಿನ ಕವಚ ಹೊದ್ದ ಪುಟ್ಟ ಮೊಗ್ಗುಗಳು ಹೊರಕ್ಕೆ ಒಯ್ಯುತ್ತವೆ. ಅಷ್ಟರವರೆಗೆ ಇನ್ಸುಲಿನ್ ಇನ್ನೂ ಇನ್ಸುಲಿನ್ ಆಗಿರುವುದಿಲ್ಲ. ಅದು 86 ಅಮೈನೊ ಆಮ್ಲಗಳ ಒಂದೇ ಸರಪಳಿ. ಇದಕ್ಕೆ ಪ್ರೊಇನ್ಸುಲಿನ್ ಎಂದು ಹೆಸರು. 1967ರಲ್ಲಿ ಡೊನಾಲ್ಡ್ ಸ್ಟೈನರ್ ಇದನ್ನು ಬೆಳಕಿಗೆ ತಂದರು. ಆಮ್ಲ ಮತ್ತು ಕ್ಯಾಲ್ಸಿಯಂ ಹದವಾದಾಗ ಕಿಣ್ವಗಳು ಅದರ ನಡುವಿನ ತುಂಡನ್ನು ಕತ್ತರಿಸುತ್ತವೆ. ಉಳಿಯುವ 51 ಅಮೈನೊ ಆಮ್ಲಗಳೇ ಇನ್ಸುಲಿನ್. ಆರು ಇನ್ಸುಲಿನ್ ಅಣುಗಳು ಎರಡು ಸತುವಿನ ಅಯಾನುಗಳ ಸುತ್ತ ಜೊತೆಗೂಡಿ ಹರಳುಗಟ್ಟುತ್ತವೆ. ರಕ್ತದಲ್ಲಿ ಸಕ್ಕರೆ ಏರಿದಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿ, ಚೀಲದ ಪೊರೆ ಕೋಶದ ಪೊರೆಯೊಡನೆ ಬೆಸೆದು, ಹರಳು ಹೊರಬಿದ್ದು ಕರಗುತ್ತದೆ.

ಒಂದು ಎಚ್ಚರಿಕೆ

2001ರಲ್ಲಿ ಒಂದು ಸಂಶೋಧಕ ತಂಡ ಕ್ರೋಮೊಗ್ರಾನಿನ್-ಎ ಈ ಎಲ್ಲ ಕಾರ್ಯದ ಗುಂಡಿಯಿದ್ದಂತೆ, ಒತ್ತಿದರೆ ಚೀಲಗಳಾಗುತ್ತವೆ, ಬಿಟ್ಟರೆ ನಿಲ್ಲುತ್ತವೆ ಎಂದು ಸಾರಿತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಹಾಗೆಯೇ ಕಂಡಿತ್ತು. ಆದರೆ ಆ ಪ್ರೋಟೀನೇ ಇಲ್ಲದಂತೆ ಹುಟ್ಟಿಸಿದ ಇಲಿಗಳನ್ನು ಪರೀಕ್ಷಿಸಿದಾಗ ಚೀಲಗಳು ಇಲ್ಲವಾಗಿರಲಿಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದರ ದಾಯಾದಿಗಳಾದ ಬೇರೆ ಗ್ರಾನಿನ್‌ಗಳು ಹೆಚ್ಚಿ ಕೊರತೆಯನ್ನು ತುಂಬಿಕೊಂಡಿದ್ದುದು ಕಂಡುಬಂದಿತು. ಒಡೆಯನೊಬ್ಬನನ್ನು ಹುಡುಕಲು ಹೋದವರಿಗೆ ಒಕ್ಕಲೇ ಎದುರಾಯಿತು. ಒಂದೇ ಕಾರಣದಿಂದ ಎಲ್ಲವನ್ನೂ ವಿವರಿಸುವ ಆಸೆ ಭೌತಶಾಸ್ತ್ರವನ್ನು ಓದುವ ನಮ್ಮಲ್ಲಿ ಪ್ರಬಲ. ಅದನ್ನು ಇಲಿಯ ಮುಂದಿಟ್ಟು ಪರೀಕ್ಷಿಸಬೇಕೆಂಬುದು ಇಲ್ಲಿನ ಪಾಠ.

ಈ ವಿಚಾರ ಕೇವಲ ಕುತೂಹಲದ್ದಲ್ಲ. ಎರಡನೆಯ ಬಗೆಯ ಮಧುಮೇಹದಲ್ಲಿ ಕತ್ತರಿಸದ ಪ್ರೊಇನ್ಸುಲಿನ್ ಸಾಮಾನ್ಯಕ್ಕಿಂತ ಹೆಚ್ಚಿನ ಪಾಲಿನಲ್ಲಿ ರಕ್ತಕ್ಕೆ ಬರುತ್ತದೆ; ಚೀಲಗಳು ಮಾಗುವ ಮುನ್ನವೇ ಹೊರಬೀಳುತ್ತಿರುವುದರ ಕುರುಹಿದು. ಕತ್ತರಿಸಿದ ನಡುತುಂಡಿಗೆ ಸಿ-ಪೆಪ್ಟೈಡ್ ಎಂದು ಹೆಸರು. ಅದೂ ಇನ್ಸುಲಿನ್ನಿನೊಡನೆ ಅಣುವಿಗೊಂದು ಅಣುವಿನಂತೆ ಹೊರಬರುವುದರಿಂದ, ಅದನ್ನು ಅಳೆದು ರೋಗಿಯ ದೇಹ ಸ್ವತಃ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆಯೆಂದು ವೈದ್ಯರು ತಿಳಿಯುತ್ತಾರೆ. ನಮ್ಮ ಮನೆಯ ಹಿರಿಯರ ರಕ್ತಪರೀಕ್ಷೆಯ ಚೀಟಿಯಲ್ಲಿ ಆ ಹೆಸರು ಕಂಡರೆ, ಅದು ಒಮ್ಮೆ ಒಂದು ಕಿರುಚೀಲದೊಳಗೆ ಬಿದ್ದ ಚೂರೆಂಬುದನ್ನು ನೆನೆಯೋಣ.