ಸೂಜಿ ಚಿಕಿತ್ಸೆಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದು?

ಗಿಡಕ್ಕೆ ಬೇನೆ ಬಂದರೆ ಬೆಳೆಗಾರನು ಒಂದು ದಿನವೂ ಸುಮ್ಮನಿರುವುದಿಲ್ಲ. ಅಡಿಕೆಗೆ ಕೊಳೆ ಬಂತೆಂದರೆ ಬೋರ್ಡೋ ದ್ರಾವಣ, ಕಾಫಿಗೆ ಬಿಳಿ ಕಾಂಡಕೊರಕ ಬಂತೆಂದರೆ ಬೊಡ್ಡೆ ಉಜ್ಜುವ ಕೆಲಸ, ಹೀಗೆ ಓಡಾಡುತ್ತಾನೆ. ತನ್ನ ಸೊಂಟದ ಬೇನೆಯನ್ನು ಮಾತ್ರ ಮಳೆಗಾಲ ಕಳೆಯಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತಲೇ ಬರುತ್ತಾನೆ. ಆ ನಡುವೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆಯೇ ಗತಿಯಾಗುತ್ತದೆ.

ತೊಗರಿ ಸೀಮೆಯವನು ಅಡಿಕೆ, ಕಾಫಿಯವರಿಗೆ ಬರೆಯುವುದೇನಿದೆ ಎಂದು ವಾಚಕರು ಕೇಳಬಹುದು. ನಾನು ಕಲಬುರಗಿಯವನು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ವಿತರಕನಾಗಿ ಕೆಲಸ ಮಾಡಿ ನಿವೃತ್ತನಾದವನೇ ಹೊರತು ವೈದ್ಯನಲ್ಲ. ಮಗಳನ್ನು ಕೊಪ್ಪದ ಕಡೆಗೆ ಕೊಟ್ಟಿದ್ದೇನೆ. ಅಳಿಯಂದಿರು ಈ ಸಂಘದ ಸದಸ್ಯರು. ತಮ್ಮ ಕೊನೆಗಾರನ ಕುತ್ತಿಗೆ ನೋವಿಗೂ ನೆರೆಮನೆಯ ಅಜ್ಜಿಯ ಮಂಡಿನೋವಿಗೂ ಸೂಜಿ ಚುಚ್ಚಿಸಬಹುದೇ, ಅದರಲ್ಲಿ ಹುರುಳಿದೆಯೇ ಎಂದು ಅವರು ಬರೆದು ಕೇಳಿದರು. ಅವರಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಟ್ಟಿದ್ದೇನೆ. ನೋವಿಗೆ ನಾಡುಭೇದವಿಲ್ಲ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸಿಗುವ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತು ಪಡೆದ ಬೆಳೆ. ಅಲ್ಲಿ ಗೊನೆ ಹೊರುವವರ ಕುತ್ತಿಗೆ, ತಮ್ಮಲ್ಲಿ ಮೂಟೆ ಹೊರುವವರ ಕುತ್ತಿಗೆ, ಎರಡೂ ನೋಯುವ ರೀತಿ ಒಂದೇ.

ಅಕ್ಯುಪಂಕ್ಚರ್ ಎಂದರೆ ಕೂದಲಿಗಿಂತ ತುಸು ದಪ್ಪದ, ಟೊಳ್ಳಿಲ್ಲದ ಉಕ್ಕಿನ ಸೂಜಿಗಳನ್ನು ಮೈಯ ನಿರ್ದಿಷ್ಟ ಬಿಂದುಗಳಲ್ಲಿ ಚುಚ್ಚಿ, ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಬಿಟ್ಟು ತೆಗೆಯುವ ಚೀನೀ ಪದ್ಧತಿ. ಇಂಜೆಕ್ಷನ್ನಿನಂತೆ ಇದರಲ್ಲಿ ಯಾವ ಔಷಧಿಯೂ ಮೈಯೊಳಗೆ ಹೋಗುವುದಿಲ್ಲ. ಇರುವೆ ಕಚ್ಚಿದಷ್ಟು ನೋವು. ಆಮೇಲೆ ಆ ಜಾಗದಲ್ಲಿ ಭಾರ, ಜೋಮು ಅಥವಾ ಮಂದವಾದ ಸೆಳೆತ ಕಾಣುತ್ತದೆ. ಚೀನೀ ಭಾಷೆಯಲ್ಲಿ ಈ ವಿದ್ಯೆಯ ಹೆಸರಿಗೆ ಸೂಜಿ ಮತ್ತು ಕಾವು ಎಂದೇ ಅರ್ಥ. ಕಾವಿಗೆ ಅವರು ಸುಡುವ ಸೊಪ್ಪು ಬೇರಾವುದೂ ಅಲ್ಲ, ನಮ್ಮ ಹೆಂಗಸರು ಹೂಮಾಲೆಯಲ್ಲಿ ಸೇರಿಸಿ ಕಟ್ಟುವ ಮಾಚಿಪತ್ರೆಯ ಜಾತಿಯದೇ. ಆದರೆ ಇದನ್ನು ನಮ್ಮ ಹಳ್ಳಿಗಳ ಬರೆ ಹಾಕುವ ಪದ್ಧತಿಯೊಡನೆ ಬೆರೆಸಬಾರದು. ಕಾಮಾಲೆಗೆ, ಮಕ್ಕಳ ಸೆಳವಿಗೆ ಬರೆ ಹಾಕುವುದು ಕೇವಲ ಹಿಂಸೆ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಕಥೆಗೂ ನಮ್ಮ ಸೀಮೆಗೂ ಒಂದು ದೂರದ ನಂಟುಂಟು. ಕಲಬುರಗಿಯಿಂದ ಮುಂಬಯಿ ಕಡೆಯ ರೈಲು ಹತ್ತಿದರೆ ಸಿಗುವ ಸೊಲ್ಲಾಪುರ ಈಗ ಮಹಾರಾಷ್ಟ್ರದಲ್ಲಿದ್ದರೂ ಕನ್ನಡ ಮಾತು ಧಾರಾಳವಾಗಿ ಕೇಳುವ ಊರು. ಡಾ. ದ್ವಾರಕಾನಾಥ ಕೋಟ್ನಿಸರು 1910ರಲ್ಲಿ ಹುಟ್ಟಿದ್ದು ಅಲ್ಲಿ. ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ನಮ್ಮ ಕಾಂಗ್ರೆಸ್ ಕಳಿಸಿಕೊಟ್ಟ ಐವರು ವೈದ್ಯರ ತಂಡದಲ್ಲಿ ಅವರೊಬ್ಬರು. ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಅಲ್ಲಿಯೇ ಮದುವೆಯಾಗಿ, 1942ರ ಡಿಸೆಂಬರಿನಲ್ಲಿ 32ನೆಯ ವಯಸ್ಸಿಗೆ ತೀರಿಕೊಂಡರು. ಕೋಟ್ನಿಸರೇ ಸೂಜಿ ಚಿಕಿತ್ಸೆಯನ್ನು ಭಾರತಕ್ಕೆ ತಂದರೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಅವರು ತಾಯ್ನಾಡಿಗೆ ಮರಳಲೇ ಇಲ್ಲ. ಅದೇ ತಂಡದಲ್ಲಿದ್ದ ಕಲ್ಕತ್ತೆಯ ಡಾ. ಬಿಜಯ್ ಕುಮಾರ್ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ, ಈ ವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ಗೆಳೆಯನ ಹೆಸರಿನ ಸ್ಮಾರಕ ಸಮಿತಿಯ ಮೂಲಕ ಅದು ಬಂಗಾಳದಲ್ಲಿ ಹಬ್ಬಿತು. ಪಶ್ಚಿಮ ಬಂಗಾಳದಲ್ಲಿ 1996ರಲ್ಲಿಯೇ ಇದಕ್ಕೊಂದು ಕಾಯಿದೆಯಾಯಿತು. 2019ರಲ್ಲಿ ಕೇಂದ್ರ ಸರ್ಕಾರವು ಇದನ್ನು ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು.

ಇತಿಹಾಸ ಇಷ್ಟು ಸಾಕು. ಗುಣವಾಗುತ್ತದೆಯೇ ಎಂಬುದು ಮುಖ್ಯ.

ಮೊದಲಿಗೆ ಒಂದು ಉತ್ಪ್ರೇಕ್ಷೆಯನ್ನು ಬದಿಗಿಡೋಣ. 1971ರಲ್ಲಿ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಕರ್ತನಿಗೆ ಪೀಕಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಬರಿಯ ಸೂಜಿ ಚುಚ್ಚಿ ಹೊಟ್ಟೆ ಕೊಯ್ದರೆಂದು ಲೋಕವೆಲ್ಲ ಮಾತಾಡಿತು. ನಿಜವಾಗಿ ಆಪರೇಷನ್ ನಡೆದದ್ದು ಮಾಮೂಲು ಅರಿವಳಿಕೆಯ ಇಂಜೆಕ್ಷನ್ನಿನಲ್ಲಿಯೇ. ಆಮೇಲೆ ಕಾಣಿಸಿಕೊಂಡ ಹೊಟ್ಟೆಯುಬ್ಬರದ ಸಂಕಟಕ್ಕೆ ಸೂಜಿ ಹಾಕಿದರು. ಆತ ಬರೆದದ್ದೂ ಹಾಗೆಯೇ. ಬಾಯಿಂದ ಬಾಯಿಗೆ ಹೋಗುವಾಗ ಮಾತು ಬೆಳೆಯಿತು.

ಅಲ್ಲಿಂದೀಚೆಗೆ ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ 2007ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವನ್ನು ನಾವು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ಬಹುಕಾಲದ ಸೊಂಟನೋವಿನ 1162 ಮಂದಿಯನ್ನು ಮೂರು ಗುಂಪು ಮಾಡಿದರು, ನಾವು ತೋಟದಲ್ಲಿ ಗೊಬ್ಬರ ಹಾಕಿದ ಸಾಲು, ಹಾಕದ ಸಾಲು ಎಂದು ಬಿಟ್ಟು ನೋಡುವ ಹಾಗೆ. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಎರಡನೆಯದಕ್ಕೆ ಬಿಂದುಗಳಲ್ಲದ ಕಡೆ ಮೇಲೆ ಮೇಲೆ ಚುಚ್ಚುವ ಹುಸಿ ಸೂಜಿ. ಮೂರನೆಯದಕ್ಕೆ ಗುಳಿಗೆ, ವ್ಯಾಯಾಮದಂತಹ ಮಾಮೂಲು ಚಿಕಿತ್ಸೆ. ಆರು ತಿಂಗಳ ನಂತರ ನೋಡಿದಾಗ ಸುಧಾರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 48, ಎರಡನೆಯದರಲ್ಲಿ 44, ಮೂರನೆಯದರಲ್ಲಿ 27.

ಈ ಮೂರು ಅಂಕಿಗಳಲ್ಲಿ ಎರಡು ಸಂಗತಿಗಳಿವೆ. ಸೂಜಿ ಹಾಕಿಸಿಕೊಂಡವರಿಗೆ ಮಾಮೂಲು ಚಿಕಿತ್ಸೆಯವರಿಗಿಂತ ಹೆಚ್ಚು ಗುಣ ಕಂಡಿತು. ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಅಂತಹ ವ್ಯತ್ಯಾಸವಾಗಲಿಲ್ಲ. ಆದುದರಿಂದ ಮರ್ಮಬಿಂದುವಿನ ಗುಟ್ಟು ನನಗೊಬ್ಬನಿಗೇ ಗೊತ್ತು ಎಂದು ಹೆಚ್ಚು ಹಣ ಕೇಳುವವನನ್ನು ನಂಬಬೇಕಾದ್ದಿಲ್ಲ. ಮುಂದೆ 39 ಪ್ರಯೋಗಗಳ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಅದರಲ್ಲಿ ಬೆನ್ನು, ಕುತ್ತಿಗೆ, ಭುಜ, ಮಂಡಿಯ ಹಳೆಯ ನೋವು ಮತ್ತು ಪದೇ ಪದೇ ಬರುವ ತಲೆನೋವಿಗೆ ನಿಜ ಸೂಜಿಯು ಹುಸಿ ಸೂಜಿಗಿಂತ ಸ್ವಲ್ಪ ಮೇಲೆಂದು ಕಂಡುಬಂತು. ಸಿಕ್ಕ ಉಪಶಮನದ ಬಹುಪಾಲು ಒಂದು ವರ್ಷದವರೆಗೂ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿಗೆ ಸೂಚಿಸಿದ ಉಪಾಯಗಳಲ್ಲಿ, ವ್ಯಾಯಾಮ ಮೊದಲಾದವುಗಳ ಜೊತೆಗೆ, ಸೂಜಿ ಚಿಕಿತ್ಸೆಯನ್ನೂ ಷರತ್ತಿನ ಮೇಲೆ ಸೇರಿಸಿತು. ಎಲ್ಲರೂ ಒಪ್ಪಿದ್ದಾರೆಂದಲ್ಲ. ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು 2009ರಲ್ಲಿ ಸೊಂಟನೋವಿಗೆ ಇದನ್ನು ಹೇಳಿ, 2016ರಲ್ಲಿ ಬೇಡವೆಂದಿತು.

ಒಳಗೆ ನಡೆಯುವುದೇನು? ಮೈಯ ನಾಳಗಳಲ್ಲಿ ಪ್ರಾಣಶಕ್ತಿ ಹರಿಯುತ್ತದೆ, ಅದರ ತಡೆಯನ್ನು ಸೂಜಿ ಬಿಡಿಸುತ್ತದೆ ಎಂಬುದು ಚೀನೀಯರ ಹಳೆಯ ವಿವರಣೆ. ಕೊಯ್ದು ನೋಡಿದರೆ ಅಂತಹ ನಾಳಗಳು ಸಿಗುವುದಿಲ್ಲ. ಚುಚ್ಚಿದಾಗ ನರಗಳು ಕೆರಳಿ, ಮೆದುಳು ಮತ್ತು ಬೆನ್ನುಹುರಿಯಲ್ಲಿ ಎಂಡಾರ್ಫಿನ್ ಎಂಬ ನೋವು ತಗ್ಗಿಸುವ ದ್ರವ್ಯಗಳು ಹೊರಬರುತ್ತವೆಂದು 1970ರ ದಶಕದ ಪ್ರಯೋಗಗಳು ಸೂಚಿಸಿದವು. ಅಫೀಮಿನ ಪರಿಣಾಮವನ್ನು ಮುರಿಯುವ ಔಷಧಿ ಕೊಟ್ಟಾಗ ಸೂಜಿಯ ಗುಣವೂ ಕಡಿಮೆಯಾದದ್ದು ಅದಕ್ಕೊಂದು ಸಾಕ್ಷಿ. ಜೊತೆಗೆ ಅರ್ಧಗಂಟೆ ನಿಶ್ಚಿಂತೆಯಿಂದ ಮಲಗುವುದು, ಒಬ್ಬರು ಮೈಮುಟ್ಟಿ ವಿಚಾರಿಸುವುದು, ಗುಣವಾಗುತ್ತದೆಂಬ ಭರವಸೆ, ಇವುಗಳ ಪಾಲೂ ಇದೆ. ಅದನ್ನು ಕೀಳಾಗಿ ಕಾಣಬೇಕಾಗಿಲ್ಲ.

ಔಷಧ ವಿತರಕನಾಗಿದ್ದ ನನಗೆ ಇದರ ದೊಡ್ಡ ಉಪಯೋಗ ಬೇರೊಂದು ಕಡೆ ಕಾಣುತ್ತದೆ. ಡೈಕ್ಲೋಫೆನಾಕ್ ಜಾತಿಯ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೆ, ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು. ನನಗೆ ಪರಿಚಯದ ಕಮಲಾಪುರದ ತಾಯಿಯೊಬ್ಬರು ಮಂಡಿನೋವಿಗೆ ದಿನಕ್ಕೆ ಎರಡು ಗುಳಿಗೆ ನುಂಗುತ್ತಿದ್ದರು. ಕಲಬುರಗಿಯಲ್ಲಿ ಹತ್ತು ಸಲ ಸೂಜಿ ಹಾಕಿಸಿಕೊಂಡು, ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನೂ ಬಿಡದೆ ಮಾಡಿ, ವಾರಕ್ಕೊಂದು ಗುಳಿಗೆಗೆ ಇಳಿದರು. ಸವೆದ ಮಂಡಿ ಹೊಸದಾಗಲಿಲ್ಲ, ಆಗುವುದೂ ಇಲ್ಲ. ಗುಳಿಗೆ ಇಳಿದದ್ದೇ ಲಾಭ.

ಅದೇ ಊರಿನ ಬಾಳೆ ಬೆಳೆಗಾರರೊಬ್ಬರ ಕಥೆ ಬೇರೆ. ಸೊಂಟನೋವು ಎರಡೂ ಕಾಲಿಗೆ ಇಳಿದಿತ್ತು, ಕುಳಿತುಕೊಳ್ಳುವ ಜಾಗ ಮರಗಟ್ಟಿತ್ತು, ಮೂತ್ರ ಕಟ್ಟುತ್ತಿತ್ತು. ಸೂಜಿ ಹಾಕುತ್ತಿದ್ದಾತ ಇನ್ನೂ ನಾಲ್ಕು ಸಲ ಬನ್ನಿ, ಸರಿಹೋಗುತ್ತದೆ ಎಂದ. ಮಗ ಒಪ್ಪದೆ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕರೆತಂದ. ಬೆನ್ನೆಲುಬಿನ ನಡುವಿನ ಗಾದಿ ಜಾರಿ ನರಗಳ ಗೊಂಚಲನ್ನೇ ಅದುಮಿತ್ತು. ಕೂಡಲೇ ಆಪರೇಷನ್ ಆಯಿತು. ಈಗ ನಡೆಯುತ್ತಾರೆ, ಒಂದು ಪಾದ ಎಳೆಯುತ್ತದೆ. ಸೂಜಿ ಆ ಕಾಲನ್ನು ಕೆಡಿಸಲಿಲ್ಲ. ಕಳೆದುಹೋದ ದಿನಗಳು ಕೆಡಿಸಿದವು.

ಆದಕಾರಣ ಕೆಲವು ಲಕ್ಷಣಗಳಿದ್ದರೆ ಸೂಜಿಯ ಮಾತೇ ಎತ್ತಬಾರದು. ಮರದಿಂದ ಬಿದ್ದ ಮೇಲೆ ಬಂದ ನೋವು, ಕೈಕಾಲು ಶಕ್ತಿಗುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರದೊಡನೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಠಾತ್ತನೆ ಬಂದ ಸಿಡಿಯುವ ತಲೆನೋವು, ಇವಕ್ಕೆಲ್ಲ ನೇರವಾಗಿ ಆಸ್ಪತ್ರೆ. ಎದೆ ಹಿಂಡಿ ಎಡಭುಜಕ್ಕೆ ಹರಿಯುವ ನೋವನ್ನು ವಾಯು ಎಂದುಕೊಂಡು ಒಂದು ಗಂಟೆಯೂ ಕಳೆಯಬಾರದು. ಮಲೆನಾಡಿನವರಿಗೆ ಇನ್ನೊಂದು ಮಾತು: ಮೈಕೈ ನೋವು ಜ್ವರದೊಡನೆ ಬಂದರೆ ಅದು ಇಲಿಜ್ವರವೋ ಮಂಗನ ಕಾಯಿಲೆಯೋ ಆಗಿರಬಹುದು, ರಕ್ತ ಪರೀಕ್ಷೆ ಆಗಲೇಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಸೂಜಿಯಿಂದ ಬುಡಸಹಿತ ಹೋಗುತ್ತವೆ, ಮಾತ್ರೆ ಬಿಡಿ ಎನ್ನುವವನ ಬಳಿ ಎರಡನೆಯ ಸಲ ಹೋಗಬೇಡಿ.

ಹೋಗುವುದೇ ಆದರೆ ಯಾರ ಬಳಿ? ನೋಂದಾಯಿತ ವೈದ್ಯರಾಗಿದ್ದು ಇದರಲ್ಲಿ ತರಬೇತಿ ಪಡೆದವರು ಉತ್ತಮ. ಪ್ರಕೃತಿ ಚಿಕಿತ್ಸೆಯ ಬಿ.ಎನ್.ವೈ.ಎಸ್. ಪದವಿಯ ಪಾಠದಲ್ಲಿ ಅಕ್ಯುಪಂಕ್ಚರ್ ಇದೆ. ಉಜಿರೆಯಲ್ಲಿ 1989ರಿಂದ ಅಂತಹ ಕಾಲೇಜಿದೆ, ಮೈಸೂರಿನಲ್ಲಿ ಸರ್ಕಾರದ್ದೇ ಇದೆ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿದ್ದನ್ನು ಎಸೆಯಬೇಕು. ಕುದಿಸಿದ್ದೇವೆ, ಸ್ಪಿರಿಟ್ಟಿನಲ್ಲಿ ಒರೆಸಿದ್ದೇವೆ ಎಂದರೆ ಎದ್ದು ಬನ್ನಿ; ಕಾಮಾಲೆಯ ವೈರಸ್ಸು ಅಂತಹ ಸೂಜಿಯಲ್ಲಿಯೇ ಮನೆಗೆ ಬರುತ್ತದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ ಹಾಯಿಸುವ ಸೂಜಿ ಸಲ್ಲದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಅಲ್ಲಿ ಕಾವನ್ನಾಗಲಿ ಸೂಜಿಯನ್ನಾಗಲಿ ಹಾಕಿಸಿಕೊಳ್ಳಬಾರದು. ಎದೆ, ಬೆನ್ನಿನ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತಾದದ್ದೂ ಅಪರೂಪಕ್ಕೆ ಉಂಟು. ಸೂಜಿಯ ನಂತರ ಉಸಿರು ಕಟ್ಟಿದರೆ ತಡಮಾಡಬಾರದು. ವಾರಕ್ಕೆ ಒಂದೆರಡು ಸಲದಂತೆ ಐದಾರು ಸಲ ನೋಡಿ. ಏನೂ ಗುಣ ಕಾಣದಿದ್ದರೆ ಹಣ ಉಳಿಸಿ. ಇಪ್ಪತ್ತು ಸಲದ ಹಣವನ್ನು ಮುಂಗಡವಾಗಿ ಕಟ್ಟಲೇಬೇಡಿ.

ಕೊನೆಗಾರನ ಕುತ್ತಿಗೆಯ ವಿಷಯಕ್ಕೆ ಬಂದರೆ, ಸೂಜಿಯಿಂದ ನೋವು ತಗ್ಗಿದರೂ ಮಾರನೆಯ ದಿನ ಅದೇ ಕತ್ತು ಮೇಲೆತ್ತಿ ಅದೇ ಔಷಧಿ ಹೊಡೆಯುವವನಿಗೆ ನೋವು ಮರಳಿ ಬರುತ್ತದೆ. ಗಂಟೆಗೊಮ್ಮೆ ಕೆಲಸ ನಿಲ್ಲಿಸಿ ಭುಜ ತಿರುಗಿಸುವುದು, ಮೆಟ್ಟುಗತ್ತಿಯ ಮುಂದೆ ಇಡೀ ರಾತ್ರಿ ಒಂದೇ ಭಂಗಿಯಲ್ಲಿ ಕೂರದಿರುವುದು, ಮೂಟೆಯನ್ನು ಸೊಂಟ ಬಾಗಿಸದೆ ಮಂಡಿ ಬಾಗಿಸಿ ಎತ್ತುವುದು, ಇವಕ್ಕೆ ಖರ್ಚಿಲ್ಲ. ಮಂಡಿನೋವಿನ ಅಜ್ಜಿಗೆ ಸೂಜಿಯಷ್ಟೇ ತೊಡೆಯ ವ್ಯಾಯಾಮವೂ ಮುಖ್ಯ.

ಸೂಜಿಯಿಲ್ಲದೆ ಮನೆಯಲ್ಲೇ ನೋಡಬಹುದಾದದ್ದು ಒಂದಿದೆ. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಳಕೈ ಕಡೆಗೆ ಮೂರು ಬೆರಳಗಲ ಅಳೆದರೆ ಎರಡು ನರಗಳಂತೆ ಎದ್ದು ಕಾಣುವ ಹುರಿಗಳ ನಡುವೆ ಒಂದು ತಗ್ಗು ಸಿಗುತ್ತದೆ. ಆಪರೇಷನ್ ನಂತರದ ವಾಂತಿಗೆ ಈ ಬಿಂದುವಿನಿಂದ ಉಪಯೋಗವಿದೆಯೆಂದು ಅನೇಕ ಪ್ರಯೋಗಗಳಲ್ಲಿ ಕಂಡಿದೆ. ಬಸ್ಸಿನ ವಾಂತಿಯ ಬಗ್ಗೆ ಅಷ್ಟು ಖಚಿತ ಪುರಾವೆಯಿಲ್ಲ. ಆದರೂ ಆಗುಂಬೆಯ ತಿರುವು ಶುರುವಾಗುವ ಮೊದಲೇ ಹೆಬ್ಬೆರಳಿನಿಂದ ಗಟ್ಟಿಯಾಗಿ ಎರಡು ಮೂರು ನಿಮಿಷ ಒತ್ತಿ, ಆಮೇಲೆ ಇನ್ನೊಂದು ಕೈಗೂ ಹಾಗೆಯೇ ಮಾಡಿ ನೋಡಬಹುದು. ಕಿಟಕಿಯ ಪಕ್ಕದ ಸೀಟು ಸಿಕ್ಕರೆ ಅದನ್ನೂ ಬಿಡಬೇಡಿ.